ಹನ್ನೊಂದನೆಯ ಕರಡು

ಮಾರ್ಚ್ 4, 2006, ಶನಿವಾರ

ಹತ್ತು ವರ್ಷದಿಂದ ಜಾಲತಾಣ ಕಟ್ಟುತ್ತಿರುವವಳು ಇವತ್ತು ಅಂಗಡಿಗೆ ಹೋಗಿ ಗೆರೆ ಹಾಕಿದ ನೋಟ್‌ಬುಕ್ ತಂದಿದ್ದೇನೆ. ವುಬ್ಬೊ ನೋಡಿದ್ದರೆ ಮೇಜು ತಟ್ಟಿ ನಗುತ್ತಿದ್ದ. ಬ್ಲಾಗಿನಲ್ಲಿ ಬರೆದರೆ ಎರಡು ನಿಮಿಷದಲ್ಲಿ ಗ್ರೋನಿಂಗೆನ್ನಿನ ಅರ್ಧಕ್ಕರ್ಧ ಕೋಡ್ ಬರೆಯುವವರು ಓದಿ ಮುಗಿಸಿ 'ಪಾಪ ಗೇಸ್ಕೆ' ಎನ್ನುತ್ತಾರೆ. ಜನವರಿಯಿಂದ ಅದನ್ನು ಕೇಳಿ ಕೇಳಿ ಸಾಕಾಗಿದೆ. ಈ ಪುಸ್ತಕಕ್ಕೆ ಓದುಗರಿಲ್ಲ. ಕೆಳಗೆ ಅಭಿಪ್ರಾಯ ಬರೆಯುವ ಜಾಗವೂ ಇಲ್ಲ.

ವುಬ್ಬೊ ಮತ್ತು ನಾನು ಮೂರು ವರ್ಷ, ಪ್ರತಿ ಶನಿವಾರ, ಈ ಅಡುಗೆಮನೆಯ ಮೇಜಿನ ಮೇಲೆ ಕೂತು 'ಕ್ಲಾಡ್' ಎಂಬ ಬ್ಲಾಗ್ ತಾಣ ಕಟ್ಟಿದೆವು. ನಮ್ಮ ಕಡೆ ಗೀಚಿ ನೋಡುವ ಕಚ್ಚಾ ಹಾಳೆಗೆ ಹಾಗನ್ನುವುದು. ಕಂಪ್ಯೂಟರ್ ಕಂಡರೆ ಹೆದರುವವರೂ ಬ್ಲಾಗ್ ಬರೆಯಬೇಕು, ಎರಡೇ ಗುಂಡಿ ಇರಬೇಕು, ಒಂದು 'ಉಳಿಸು', ಇನ್ನೊಂದು 'ಪ್ರಕಟಿಸು': ಅದು ನನ್ನ ಹಟ. ಜನವರಿಯಿಂದ ವುಬ್ಬೊ ಆಮ್‌ಸ್ಟರ್‌ಡ್ಯಾಮಿನ ಒಂದು ಕಂಪನಿ ಸೇರಿ ಇಡೀ ದೇಶಕ್ಕೆ ಅದನ್ನೇ ಮಾಡಿಕೊಡುತ್ತಿದ್ದಾನೆ. ಅವರದರಲ್ಲಿ ಹದಿನೇಳು ಗುಂಡಿ. ಹೋಗುವಾಗ "ನಿಂಗೂ ಅಲ್ಲಿ ಜಾಗ ಇದ್ಯಾ ಕೇಳ್ತೀನಿ ಕಣೆ" ಎಂದಿದ್ದ. ಕೇಳಿದನೋ ಇಲ್ಲವೋ. ನಾನಂತೂ ಕೇಳಲಿಲ್ಲ.

ಕ್ಲಾಡ್ ಬಳಸುವವರು ನಲವತ್ತಮೂರು ಜನ. ಒಬ್ಬ ನಿವೃತ್ತ ಕಾಲುವೆ ಕಾವಲುಗಾರ, ಒಬ್ಬಳು ಹಲ್ಲಿನ ಡಾಕ್ಟರ ಸಹಾಯಕಿ, ಮಿಡಲ್‌ಸ್ಟುಮ್‌ನ ಶಾಲಾ ಮಾಸ್ತರರು, ಇಂಥವರು. ನನ್ನ ಅಣ್ಣ ರೈಂಡರ್ ಕೂಡ. ಅವನು ಆಪಿಂಗೆಡಾಮ್ ಕಡೆ ಬಸ್ಸು ಓಡಿಸುತ್ತಾನೆ, ಉಳಿದ ಹೊತ್ತಿನಲ್ಲಿ ಪಂದ್ಯದ ಪಾರಿವಾಳ ಸಾಕುತ್ತಾನೆ, ಬ್ಲಾಗಿನಲ್ಲಿ ಪಾರಿವಾಳದ ವಿಷಯ ಬಿಟ್ಟು ಬೇರೆ ಬರೆಯುವುದಿಲ್ಲ. ವಾರದ ದಿನಗಳಲ್ಲಿ ನಾನು ಜಲಮಂಡಳಿಯ ತಾಣ ತಿದ್ದುತ್ತೇನೆ. ಅದಕ್ಕೆ ಸಂಬಳ ಸಿಗುತ್ತದೆ. ಕ್ಲಾಡ್‌ಗೆ ಬೈಗುಳ ಸಿಗುತ್ತದೆ.

ಈಗ ಎಲ್ಲರಿಗೂ ಕಿಂಡಿಯ ಹುಚ್ಚು. ಎಪಿಐ ಎಂಬ ಹೆಸರಿನ ಈ ಕಿಂಡಿಯಲ್ಲಿ ಒಂದು ತಾಣ ಕೈ ಚಾಚಿ ಇನ್ನೊಂದು ತಾಣಕ್ಕೆ ಬರಹ, ಚಿತ್ರ, ನಕ್ಷೆ ದಾಟಿಸುತ್ತದೆ, ನಡುವೆ ಮನುಷ್ಯ ಬೇಕಿಲ್ಲ. ಕ್ಲಾಡ್‌ನಲ್ಲಿ ಬರೆದದ್ದು ತಾನಾಗಿ ಹೊರಗಿನ ನಾಲ್ಕು ತಾಣಗಳಿಗೆ ಹೋಗಬೇಕು. ವುಬ್ಬೊನ ಹದಿನೇಳು ಗುಂಡಿಗಿಂತ ಮೊದಲು ನಾನು ಮಾಡಿ ತೋರಿಸಬೇಕು.

ಮಾರ್ಚ್ 9, ಗುರುವಾರ

ಊಟದ ವಿರಾಮದಲ್ಲಿ ರೈಂಡರ್ ಫೋನ್ ಮಾಡಿದ.

"ಗೇಸ್ಕೆ, ಒಂದು ಪ್ರಶ್ನೆ. ನಾನು 'ಉಳಿಸು' ಒತ್ತಿದ್ರೆ ಅದು ಯಾರಿಗೂ ಕಾಣಲ್ಲ ತಾನೆ?"

"ಎರಡು ವರ್ಷದಿಂದ ಒತ್ತುತಾ ಇದೀಯಲ್ಲೋ ಮಾರಾಯ. ಇವತ್ತೇನು ಹೊಸ ಅನುಮಾನ?"

"ಹಂಗೇ ಕೇಳ್ದೆ."

"ಕಾಣಲ್ಲ. ನಿನ್ನ ಪಾರಿವಾಳದ ಗುಟ್ಟು ಬೆಲ್ಜಿಯಂನ ಪಂದ್ಯಗಾರರಿಗೆ ಸಿಗಲ್ಲ. ಸಾಕಾ?"

ಅವನು ನಕ್ಕ. ನಕ್ಕ ಮೇಲೂ ಫೋನ್ ಇಡಲಿಲ್ಲ. ಹೆಂಡತಿ ಯಾಂಟಿನಾಳ ಮೊಣಕಾಲು ನೋವು, ಎರಡನೆಯ ಗೂಡಿನ ಮಾಡು ಸೋರುವುದು, ಇಂಥದ್ದನ್ನೆಲ್ಲ ಹೇಳಿದ. ಕಡೆಗೆ ನಾನೇ ಇಟ್ಟೆ. ಒಂದು ಗಂಟೆಗೆ ಜಲಮಂಡಳಿಯವರ ಸಭೆ ಇತ್ತು, ಒಂದು ನೀಲಿ ಬಣ್ಣದ ಬಗ್ಗೆ ಮುಕ್ಕಾಲು ಗಂಟೆ ಚರ್ಚೆಯಾಯಿತು.

ಮಾರ್ಚ್ 12, ಭಾನುವಾರ

ಇವತ್ತಿನದನ್ನು ಕ್ರಮವಾಗಿ ಬರೆಯುತ್ತೇನೆ.

ಬೆಳಿಗ್ಗೆ ಹತ್ತಕ್ಕೆ ಕಿಂಡಿ ತೆರೆದೆ. ಹನ್ನೊಂದು ನಿಮಿಷ ಎಲ್ಲ ಸೊಗಸಾಗಿ ನಡೆಯಿತು. ಬರಹಗಳು ಸಾಲಾಗಿ ಹೊರಗೆ ಹೋಗುವುದನ್ನು ನೋಡುತ್ತಾ ಕಾಫಿ ಕುಡಿದೆ, ಹೌದು, ಶಿಳ್ಳೆ ಕೂಡ ಹಾಕಿದೆ. ಆಮೇಲೆ ಎಣಿಕೆ ನೋಡಿದರೆ ಇರಬೇಕಾದ್ದಕ್ಕಿಂತ ಇನ್ನೂರ ಹದಿನೇಳು ಹೆಚ್ಚು.

ಕರಡುಗಳು. ನಲವತ್ತಮೂರು ಜನ 'ಉಳಿಸು' ಒತ್ತಿ ಮುಚ್ಚಿಟ್ಟಿದ್ದ ಎಲ್ಲ ಕರಡುಗಳೂ ಹೊರಬಿದ್ದಿದ್ದವು. ಚಂದಾದಾರರಿಗೆ ಇಮೇಲ್ ಕೂಡ ಹೋಗಿತ್ತು. ಅದನ್ನು ವಾಪಸ್ ಕರೆಯುವ ವಿದ್ಯೆ ಯಾರಿಗೂ ಗೊತ್ತಿಲ್ಲ. ಆ ಕಡೆಯ ಕಿಂಡಿಗೆ 'ಇದು ಕರಡು' ಎಂದು ಪ್ರತಿಯೊಂದಕ್ಕೂ ಹೇಳಬೇಕಂತೆ. ಹೇಳದಿದ್ದರೆ ಪ್ರಕಟಿಸಬೇಕಾದ್ದು ಎಂದೇ ಅದು ತಿಳಿಯುತ್ತದೆ. ಯಾವ ತಲೆಹೋಕ ಹಾಗೆ ಬರೆದಿಟ್ಟನೋ. ಕೈಪಿಡಿಯ ಅಡಿಟಿಪ್ಪಣಿಯಲ್ಲಿ ಇದೆ, ಇರುವೆ ಗಾತ್ರದ ಅಕ್ಷರದಲ್ಲಿ. ಅಡಿಟಿಪ್ಪಣಿಯನ್ನು ಯಾರು ಓದುತ್ತಾರೆ?

ಎಲ್ಲವನ್ನೂ ಕೆಳಗಿಳಿಸುವ ಹೊತ್ತಿಗೆ ಮಾಸ್ತರರ ರಾಜೀನಾಮೆ ಪತ್ರವನ್ನು ಅವರ ಮುಖ್ಯೋಪಾಧ್ಯಾಯರು ಓದಿಯಾಗಿತ್ತು. ಹಲ್ಲಿನ ಡಾಕ್ಟರ ಸಹಾಯಕಿ ಡಾಕ್ಟರಿಗೇ ಬರೆದಿದ್ದ ನಾಲ್ಕು ಪದ್ಯಗಳನ್ನು ಡಾಕ್ಟರ ಹೆಂಡತಿ ಓದಿದ್ದಳು.

ನಾನು ಓದಿದ್ದು ರೈಂಡರನದನ್ನು. ಅದಕ್ಕೆ ತಲೆಬರಹ ಇರಲಿಲ್ಲ.

'ಅಪ್ಪ ಹೋದ ದಿನ ಮಧ್ಯಾಹ್ನ ಅವನು ಗೇಸ್ಕೆಯನ್ನು ಕೇಳಿದ. ಎರಡು ಸಲ ಕೇಳಿದ. ನಾನು ಅವಳಿಗೆ ಫೋನ್ ಮಾಡಲಿಲ್ಲ. ಮಾಡಬಹುದಿತ್ತು, ಮಾಡಲಿಲ್ಲ. ತಪ್ಪು ನನ್ನದು, ಅವಳದಲ್ಲ.'

ಇಷ್ಟೇ.

2004ರ ಫೆಬ್ರವರಿ 19. ಅಪ್ಪ ಮೂರು ದಿನದಿಂದ ಇದ್ದ ಆಸ್ಪತ್ರೆ ನನ್ನ ಆಫೀಸಿನಿಂದ ಸೈಕಲ್ಲಿನಲ್ಲಿ ಹತ್ತು ನಿಮಿಷ. ಐದು ಗಂಟೆಗೆ ರೈಂಡರ್ ಆಫೀಸಿನ ಬಾಗಿಲಿಗೇ ಬಂದು ನಿಂತು "ಮುಗೀತು, ಇದ್ದಕ್ಕಿದ್ದಂಗೆ ಆಯ್ತು" ಎಂದಿದ್ದ. ಅಮ್ಮ ವಿನ್‌ಸ್ಕೋಟೆನ್‌ನಿಂದ ರೈಲಿನಲ್ಲಿ ಬಂದು ಮುಟ್ಟುವಷ್ಟರಲ್ಲಿ ತಡವಾಗಿತ್ತು. ಕೊನೆಗೆ ಅಪ್ಪನ ಹತ್ತಿರ ಇದ್ದವನು ರೈಂಡರ್ ಒಬ್ಬನೇ. ಎರಡು ವರ್ಷ 'ಇದ್ದಕ್ಕಿದ್ದಂತೆ' ಎಂಬ ಒಂದು ಪದವನ್ನು ಹಿಡಿದುಕೊಂಡು ಬದುಕಿದ್ದೇನೆ.

ಮಾರ್ಚ್ 13, ಸೋಮವಾರ

ಅಮ್ಮನಿಗೂ ಇಮೇಲ್ ಹೋಗಿದೆ. ಹಿರಿಯರ ಕಂಪ್ಯೂಟರ್ ತರಗತಿಯಲ್ಲಿ ಕಲಿತು, ಮಗನ ಪಾರಿವಾಳದ ಪುಟಕ್ಕೆ ಮೊದಲ ಚಂದಾದಾರಳಾದವಳು ಅವಳೇ.

"ಇದು ನಿಜಾನಾ?" ಎಂದಳು.

"ಅವನೇ ಬರೆದಿದಾನಲ್ಲಮ್ಮ."

"ನಿಜಾನಾ ಅಂತ ಕೇಳ್ದೆ."

"ನಂಗೆ ಫೋನ್ ಬರಲಿಲ್ಲ."

ಆ ಕಡೆ ಫೋನ್ ಇಟ್ಟ ಶಬ್ದ.

ಮಾರ್ಚ್ 18, ಶನಿವಾರ

ಆಪಿಂಗೆಡಾಮ್‌ಗೆ ಹೋಗಿದ್ದೆ. ಮನೆಯೊಳಗೆ ಹೋಗದೆ ನೇರ ಹಿತ್ತಲಿನ ಗೂಡಿಗೆ ನಡೆದೆ. ರೈಂಡರ್ ಒಂದು ಹಕ್ಕಿಯನ್ನು ಎದೆಗೊತ್ತಿ ಹಿಡಿದು ಅದರ ರೆಕ್ಕೆ ಬಿಡಿಸಿ ನೋಡುತ್ತಿದ್ದ.

"ಬಂದ್ಯಾ" ಎಂದ.

"ಅಪ್ಪ ನನ್ನ ಕೇಳಿದ್ನಾ?"

"ಕೇಳ್ದ."

"ನೀನು ಫೋನ್ ಮಾಡ್ಲಿಲ್ಲ."

ಅವನು ರೆಕ್ಕೆ ಮಡಿಸಿ ಹಕ್ಕಿಯನ್ನು ಒಳಗೆ ಬಿಟ್ಟ. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಬರ್ದಿದ್ದು ಓದಿದೀಯಲ್ಲ" ಎಂದ.

"ಯಾಕೋ? ಯಾಕೆ? ಹತ್ತು ನಿಮಿಷ ರೈಂಡರ್, ಹತ್ತು ನಿಮಿಷದ ದಾರಿ! ಅಪ್ಪನ ಮುದ್ದಿನ ಮಗಳು ನಾನು ಅಂತ ಹೊಟ್ಟೆಕಿಚ್ಚಾ? ನಲವತ್ತೈದು ವರ್ಷ ಆಯ್ತಲ್ಲ ನಿಂಗೆ?"

"ಇರ್ಬೋದು" ಎಂದ.

ಇರಬಹುದಂತೆ! ಬಾಯಿಗೆ ಬಂದದ್ದೆಲ್ಲ ಅಂದೆ. ಅವನು ನಿಂತು ಕೇಳಿಸಿಕೊಂಡ, ಬಸ್ಸಿನಲ್ಲಿ ಕುಡುಕ ಕೂಗಾಡಿದರೆ ಕೇಳಿಸಿಕೊಳ್ಳುವಂತೆ, ಮುಂದಿನ ದಾರಿ ನೋಡುತ್ತಾ. ಯಾಂಟಿನಾ ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದಳು, ಹೊರಗೆ ಬರಲಿಲ್ಲ.

ರೈಲಿನಲ್ಲಿ ವಾಪಸ್ ಬರುವಾಗ ಒಂದು ಯೋಚನೆ ಬಂತು. ಕರಡನ್ನು ಹೊರಗೆ ಹಾಕಿದ್ದು ನಾನು ಎಂದು ಅವನು ಒಂದು ಮಾತೂ ಅನ್ನಲಿಲ್ಲ. ಅಮ್ಮನೂ ಅನ್ನಲಿಲ್ಲ. ಒಳ್ಳೆಯದೇ ಆಯಿತು.

ಮಾರ್ಚ್ 24, ಶುಕ್ರವಾರ

ಹದಿನಾರು ಜನ ಕ್ಲಾಡ್ ಬಿಟ್ಟು ಹೋದರು. ಮಾಸ್ತರರು ಮೂರು ಪುಟದ ಪತ್ರ ಬರೆದಿದ್ದಾರೆ, ಕಾನೂನಿನ ಕಲಮುಗಳ ಸಮೇತ. ಸಹಾಯಕಿ ಎರಡೇ ಸಾಲು ಬರೆದಿದ್ದಾಳೆ. ಆ ಎರಡು ಸಾಲನ್ನು ಇಲ್ಲಿ ನಕಲು ಮಾಡಲಾರೆ.

ವುಬ್ಬೊನಿಂದ ಇಮೇಲ್: 'ವಿಷಯ ಕೇಳಿದೆ. ಬೇಜಾರಾಯ್ತು. ನೀನು ಜನರ ನಿಜವಾದ ಪುಟಗಳ ಮೇಲೇ ಪ್ರಯೋಗ ಮಾಡಿದ್ಯಾ?'

ಮತ್ತೆ ಎಲ್ಲಿ ಮಾಡಬೇಕಿತ್ತು? ಇಬ್ಬರಿದ್ದಾಗ ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡುತ್ತಿದ್ದೆವು. ಒಬ್ಬರು ಆಮ್‌ಸ್ಟರ್‌ಡ್ಯಾಮಿಗೆ ಹೋದರೆ ಉಳಿದವರಿಗೆ ನಾಲ್ಕು ಕಣ್ಣು ಹುಟ್ಟುವುದಿಲ್ಲ. ಹಾಗೆಂದು ಬರೆದೆ, ಕಳಿಸಲಿಲ್ಲ. 'ಉಳಿಸು' ಒತ್ತಿದೆ.

ಏಪ್ರಿಲ್ 2, ಭಾನುವಾರ

ಅಮ್ಮನಿಗೆ ಇವತ್ತು ಎಪ್ಪತ್ತೈದು. ಅಮ್ಮನ ಕೋಣೆಯಲ್ಲಿ ಕುರ್ಚಿಗಳನ್ನು ಸುತ್ತಾಗಿ ಹಾಕಿತ್ತು. ಬಂದವರೆಲ್ಲ ಮೊದಲು ಅಮ್ಮನ ಕೈ, ಆಮೇಲೆ ನಮ್ಮ ಕಡೆಯ ರೂಢಿಯಂತೆ ನನ್ನ ಕೈ ಕುಲುಕಿ "ಅಮ್ಮನ ಹುಟ್ಟುಹಬ್ಬಕ್ಕೆ ಅಭಿನಂದನೆ" ಎಂದರು. ಪ್ರತಿ ವರ್ಷ ಆ ಸಾಲಿನಲ್ಲಿ ನನ್ನ ಎಡಕ್ಕೆ ರೈಂಡರ್ ಇರುತ್ತಿದ್ದ. ಈ ವರ್ಷ ಅಮ್ಮ ಅವನಿಗೆ ಬರಬೇಡ ಎಂದು ಹೇಳಿದ್ದಳು. ನಾನು ಹೇಳಿಸಿದ್ದಲ್ಲ.

ಫ್ರೌಕೆ ಚಿಕ್ಕಮ್ಮ ಕೇಕಿನ ಮೊದಲ ತುಂಡನ್ನು ನನಗೆ ಕೊಟ್ಟಳು. ಕೆಂಪು ಮೂಗಿನ ಈ ಚಿಕ್ಕಮ್ಮ ನನ್ನ ಕಡೆ ತಿರುಗಿ ನೋಡಿದ್ದೇ ಅಪರೂಪ. "ಕಂಪ್ಯೂಟರ್ ಮುಂದೆ ಕೂತು ಕೂತು ಇವ್ಳು ಹಂಗೇ ಉಳಿದ್ಲು" ಎಂದು ನನ್ನೆದುರೇ ಅನ್ನುವವಳು. ಇವತ್ತು ನನ್ನ ಮಂಡಿ ತಟ್ಟಿ "ಎಂಥಾ ಅಣ್ಣ ಕಣೆ ಅವನು! ಸಾಯೋ ಅಪ್ಪನ ಮಾತು ಮಗಳಿಗೆ ಮುಟ್ಟಿಸದೆ ಇರೋಕೆ ಎಂಥಾ ಎದೆ ಬೇಕು!" ಎಂದಳು.

"ಪಾರಿವಾಳ ಆಗಿದ್ರೆ ಮುಟ್ಟಿಸ್ತಿದ್ದ" ಎಂದರು ಪಕ್ಕದ ಮನೆಯ ಹಾರ್ಮ್. ಎಲ್ಲರೂ ನಕ್ಕರು. ನಾನೂ ನಕ್ಕೆ. ಅಮ್ಮ ನಗಲಿಲ್ಲ. ಆದರೂ ನಿಜ ಹೇಳುತ್ತೇನೆ, ಓದುವವರು ಯಾರೂ ಇಲ್ಲವಲ್ಲ: ಬಹಳ ವರ್ಷದ ಮೇಲೆ ಆ ಸುತ್ತಿನಲ್ಲಿ ಕೂರುವುದು ಹಿತವಾಗಿತ್ತು. ಎರಡನೆಯ ಕಪ್ ಕಾಫಿಯನ್ನು ಕೇಳುವ ಮೊದಲೇ ಕೊಟ್ಟರು.

ಮೂರು ಗಂಟೆಗೆ ಯಾಂಟಿನಾ ಒಬ್ಬಳೇ ಬಂದಳು. ಅಮ್ಮನಿಗೆ ಹೂಗೊಂಚಲು ಕೊಟ್ಟು, ಕೆನ್ನೆಗೆ ಮೂರು ಮುತ್ತು ಕೊಟ್ಟು, ಕೂರದೆ ಹೊರಟಳು. ಹೊರಡುವಾಗ ಕೋಟು ಹಾಕಿಕೊಳ್ಳುವ ನೆವದಲ್ಲಿ ನನ್ನನ್ನು ಹೊರಬಾಗಿಲ ಬಳಿಗೆ ಕರೆದಳು. ಅವಳು ಮೆಲುದನಿಯ ಹೆಂಗಸು, ಬೇಕರಿಯಲ್ಲಿ ಇಪ್ಪತ್ತು ವರ್ಷ ನಿಂತು ಗಿರಾಕಿಗಳ ಮುಂದೆ ನಗುತ್ತಿರುವವಳು. ಇವತ್ತು ನಗಲಿಲ್ಲ.

"ಗೇಸ್ಕೆ, ಅವನು ಅದನ್ನ ಎಷ್ಟು ಸಲ ಬರ್ದಿದಾನೆ ನಿಂಗೆ ಗೊತ್ತಾ?"

"ಒಂದೇ ಇತ್ತು."

"ಒಂದೇ? ಎರಡು ವರ್ಷದಿಂದ ಭಾನುವಾರ ಬಂತು ಅಂದ್ರೆ ಅದರ ಮುಂದೆ ಕೂರ್ತಾನೆ. ಬರೀತಾನೆ, ಅಳಿಸ್ತಾನೆ, ಮತ್ತೆ ಬರೀತಾನೆ. ನಂಗೂ ತೋರ್ಸಲ್ಲ. ನಿನ್ನ ಯಂತ್ರದಲ್ಲೇ ಅಲ್ವಾ ಬರೆಯೋದು? ಅದನ್ನೇ ಕೇಳು."

ಏಪ್ರಿಲ್ 4, ಮಂಗಳವಾರ

ಕೇಳಿದೆ.

'ಉಳಿಸು' ಒತ್ತಿದಾಗಲೆಲ್ಲ ಕ್ಲಾಡ್ ಹಿಂದಿನ ಪ್ರತಿಯನ್ನೂ ಒಳಗಿನ ಒಂದು ಪಟ್ಟಿಯಲ್ಲಿ ಇಟ್ಟುಕೊಳ್ಳುತ್ತದೆ. ಯಾರಾದರೂ ತಪ್ಪಿ ಅಳಿಸಿಕೊಂಡರೆ ಇರಲಿ ಎಂದು ನಾವೇ ಸೇರಿಸಿದ್ದು. ಬರೆಯುವವರಿಗೆ ಅದು ಕಾಣುವುದಿಲ್ಲ. ನನಗೆ ಕಾಣುತ್ತದೆ. ರೈಂಡರನ ಆ ಬರಹಕ್ಕೆ ಹತ್ತು ಹಳೆಯ ಪ್ರತಿಗಳಿವೆ, ದಿನಾಂಕ, ಗಂಟೆ, ನಿಮಿಷದ ಸಮೇತ. ಹೊರಗೆ ಬಿದ್ದದ್ದು ಹನ್ನೊಂದನೆಯದು.

ಮೊದಲನೆಯದು, 2004ರ ಸೆಪ್ಟೆಂಬರ್ 5:

'ಎರಡೂ ಇಪ್ಪತ್ತಕ್ಕೆ ನಿನಗೆ ಫೋನ್ ಮಾಡಿದೆ. ಅಪ್ಪ ನಿನ್ನನ್ನು ಕೇಳುತ್ತಿದ್ದ. ನೀನು ಎತ್ತಿದೆ. ಹಿಂದೆ ಯಾರೋ ನಗುತ್ತಿದ್ದರು. "ರೈಂಡರ್ ಈಗ ಬೇಡ, ನಾಲ್ಕು ಗಂಟೆಗೆ ನಾನೇ ಮಾಡ್ತೀನಿ" ಎಂದೆ ನೀನು. ನಾನು ಬಾಯಿ ತೆರೆಯುವ ಮುಂಚೆ. ನಾನು "ಸರಿ ಆಮೇಲೆ" ಎಂದೆ. ಮೂರು ಗಂಟೆಗೆ ಅಪ್ಪ ಹೋದ. ನಿನಗೆ ನಿನ್ನ ಯಂತ್ರ ಇದೆ. ಅದು ನಿನ್ನ ಹೆಣಕ್ಕೆ ಹೆಗಲು ಕೊಡಲಿ.'

ಎರಡನೆಯದರಲ್ಲಿ ಕೊನೆಯ ಎರಡು ವಾಕ್ಯ ಇಲ್ಲ. ಮೂರನೆಯದರಲ್ಲಿ ನಗು ಇಲ್ಲ. ನಾಲ್ಕನೆಯದರಲ್ಲಿ 'ಬಹುಶಃ ನಿನಗೆ ಕೆಲಸವಿತ್ತು' ಎಂದಿದೆ. ಆರನೆಯದು ಹೀಗೆ ಶುರುವಾಗುತ್ತದೆ: 'ನಿನ್ನೆ ಗೇಸ್ಕೆ ಬಂದು ಪುಟದಲ್ಲಿ ಹಕ್ಕಿಗಳ ಫೋಟೋ ಬರುವ ಹಾಗೆ ಮಾಡಿಕೊಟ್ಟಳು. ಗೂಡಿನ ನೆಲದ ಮೇಲೆ ನಾಲ್ಕು ಗಂಟೆ ಕೂತಿದ್ದಳು, ಬೆನ್ನೆಲ್ಲ ಹಿಕ್ಕೆ. ಇವಳಿಗೆ ಹೇಗೆ ಹೇಳಲಿ.' ಒಂಬತ್ತನೆಯದರಲ್ಲಿ ನಾನು ಫೋನ್ ಎತ್ತುವುದೇ ಇಲ್ಲ. ಹತ್ತನೆಯದರಲ್ಲಿ ಲೈನ್ ಸಿಗುವುದಿಲ್ಲ. ಹನ್ನೊಂದನೆಯದರಲ್ಲಿ ಅವನು ಫೋನೇ ಮಾಡಲಿಲ್ಲ.

ಅದರ ದಿನಾಂಕ ಮಾರ್ಚ್ 9. ಉಳಿಸಿದ್ದು ಯಾರಿಗೂ ಕಾಣಲ್ಲ ತಾನೆ ಎಂದು ಕೇಳಿದ ದಿನ.

ನನಗೆ ಅಂಥ ಫೋನಿನ ನೆನಪಿಲ್ಲ. ನೆನಪೇ ಇಲ್ಲ.

ಏಪ್ರಿಲ್ 6, ಗುರುವಾರ

ವುಬ್ಬೊಗೆ ಬರೆದು ಕೇಳಿದೆ. ಆಗ ಅವನೂ ಜಲಮಂಡಳಿಯಲ್ಲಿದ್ದ, ಬಿಡುವಾದಾಗ ಆಫೀಸಿನಲ್ಲೂ ಕ್ಲಾಡ್ ತೆರೆದು ಕೂರುತ್ತಿದ್ದೆವು, ಆ ದಿನ ಪಕ್ಕದ ಕುರ್ಚಿಯಲ್ಲಿದ್ದವನು ಅವನೇ. ಮಧ್ಯಾಹ್ನದೊಳಗೆ ಉತ್ತರ ಬಂತು.

'ಆ ದಿನ ಮರೆಯೋ ಹಾಗಿಲ್ಲ. ಕ್ಲಾಡ್‌ನಿಂದ ಹೊರಗಿನ ತಾಣಕ್ಕೆ ಮೊದಲ ಸಲ ಸಂದೇಶ ಹೋಗಿ ಆ ಕಡೆಯಿಂದ ಉತ್ತರ ಬಂತಲ್ಲ. ನಾವಿಬ್ಬರೂ ಕುಣಿದಾಡ್ತಿದ್ವಿ. ಹೌದು, ನಿನ್ನ ಮೊಬೈಲ್ ಬಡ್ಕೊಳ್ತು. ನೀನು ಮಾತಾಡಿ ಇಟ್ಟು, "ನಮ್ಮಣ್ಣ, ಇನ್ಯಾವ ಪಾರಿವಾಳ ಮೊಟ್ಟೆ ಇಡ್ತೋ" ಅಂದೆ. ಸಾಯಂಕಾಲ ವಿಷಯ ಗೊತ್ತಾದ ಮೇಲೆ ನಂಗೆ ಆ ಫೋನ್ ನೆನಪಾಯ್ತು. ನಿಂಗೂ ನೆನಪಿದೆ, ಅದ್ರ ಬಗ್ಗೆ ಮಾತಾಡೋಕೆ ಇಷ್ಟ ಇಲ್ಲ ಅಂದ್ಕೊಂಡಿದ್ದೆ.'

ಏಪ್ರಿಲ್ 8, ಶನಿವಾರ

ಏನೂ ಮಾಡಲಿಲ್ಲ.

ಏಪ್ರಿಲ್ 14, ಶುಭ ಶುಕ್ರವಾರ

ಅಮ್ಮ ಫೋನ್ ಮಾಡಿ ಈಸ್ಟರಿಗೆ ಬಾ ಎಂದಳು. "ನೀನು, ನಾನು, ಫ್ರೌಕೆ, ಮೂರೇ ಜನ."

"ರೈಂಡರ್?"

"ಅವನ ಹೆಸರು ಎತ್ತಬೇಡ. ನಿನ್ನ ಮುಖ ನೋಡಿದ್ರೆ ನಂಗೆ ಸಂಕಟ ಆಗತ್ತೆ. ನಿನ್ನ ಒಂದು ಮಾತು ಕೇಳೋಕೆ ನಿಮ್ಮಪ್ಪ ಕಾದ್ರಲ್ಲ."

ಹೇಳಬೇಕು ಎಂದು ಬಾಯಿ ತೆರೆದೆ. "ಮೊಟ್ಟೆಗೆ ಬಣ್ಣ ಹಚ್ಚೋದು ಬೇಡಮ್ಮ, ಸುಮ್ನೆ ಬೇಯ್ಸು ಸಾಕು" ಎಂದೆ.

ಏಪ್ರಿಲ್ 16, ಭಾನುವಾರ

ಈಸ್ಟರಿಗೆ ಹೋದೆ. ಉಂಡೆ. ಬಂದೆ.

ಏಪ್ರಿಲ್ 19, ಬುಧವಾರ

ಕ್ಲಾಡ್ ಮುಚ್ಚುತ್ತೇನೆ. ಅವರವರ ಬರಹವನ್ನು ಅವರವರಿಗೆ ಕಟ್ಟಿಕೊಡುವ ಒಂದು ಸಣ್ಣ ಕಾರ್ಯಕ್ರಮ ಬರೆಯುತ್ತಿದ್ದೇನೆ. ಈ ಸಲ ಮೊದಲು ನನ್ನ ಸ್ವಂತ ಪುಟದ ಮೇಲೆ ಹತ್ತು ಸಲ ಓಡಿಸಿ ನೋಡಿದೆ. ಹಳೆಯ ಪ್ರತಿಗಳಿದ್ದರೆ ಎಲ್ಲವನ್ನೂ ಅಳಿಸಬೇಕೆಂದು ಮಾಸ್ತರರು ಬರೆದಿದ್ದಾರೆ, ಅದು ಅವರ ಹಕ್ಕು. ಒಬ್ಬರದನ್ನು ಅಳಿಸಿದರೆ ಎಲ್ಲರದನ್ನೂ ಅಳಿಸಬೇಕು, ಅದೇ ನ್ಯಾಯ. ಒಂದೇ ಸಾಲಿನ ಆಜ್ಞೆ. ರೈಂಡರನ ಹತ್ತೂ ಅದರಲ್ಲೇ ಹೋಗುತ್ತವೆ. ಆಮೇಲೆ ಉಳಿಯುವುದು ಹನ್ನೊಂದನೆಯದು ಮಾತ್ರ, ಊರೆಲ್ಲ ಓದಿದ್ದು.

ಆ ಸಾಲನ್ನು ಬರೆದು ಅದರ ಮುಂದೆ ಒಂದು ಗಂಟೆ ಕೂತು, ಓಡಿಸದೆ ಮುಚ್ಚಿದೆ.

ಮಾಸ್ತರರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದರು. ಸಹಾಯಕಿಯ ಮನೆಯಲ್ಲಿ ಯಾರೂ ಬಾಗಿಲು ತೆರೆಯಲಿಲ್ಲ, ಒಳಗೆ ರೇಡಿಯೋ ಕೇಳಿಸುತ್ತಿತ್ತು.

ಏಪ್ರಿಲ್ 22, ಶನಿವಾರ

ರೈಂಡರ್ ಗೂಡಿನ ಮಾಡಿಗೆ ಹೊಸ ಹಲಗೆ ಹೊಡೆಯುತ್ತಿದ್ದ. ಏಣಿಯ ಕೆಳಗೆ ನಿಂತು ಹೇಳಿದೆ: "ಹತ್ತನ್ನೂ ಓದ್ದೆ."

ಸುತ್ತಿಗೆ ನಿಂತಿತು.

"ಅವು ಇನ್ನೂ ಇದ್ವಾ?"

"ಒಳಗೆ ಇದ್ವು."

ಅವನು ಕೆಳಗಿಳಿದ. ನನ್ನ ಜೀವಮಾನದಲ್ಲಿ ರೈಂಡರನ ಮುಖ ಹಾಗೆ ಕೆಂಪಾದದ್ದನ್ನು ನೋಡಿಲ್ಲ. "ಒಂದನ್ನ ಕೇಳದೆ ಊರಿಗೆಲ್ಲ ಹಂಚಿದೆ. ಉಳಿದ ಹತ್ತನ್ನ ಕೇಳದೆ ಕದ್ದು ಓದ್ದೆ. ನಿಂಗೆ ನಾಚಿಕೆ ಅನ್ನೋದು ಇಲ್ವೇನೆ? 'ಕಾಣಲ್ಲ' ಅಂದಿದ್ದೆ ನಂಗೆ. ನಿನ್ನ ಬಾಯಾರೆ ಅಂದಿದ್ದೆ."

"ಅಂದಿದ್ದೆ."

"ನಕ್ಕೊಂಡು ಅಂದಿದ್ದೆ."

"ಹೌದು."

ಅವನು ಏಣಿಯ ಕೊನೆಯ ಮೆಟ್ಟಿಲ ಮೇಲೆ ಕೂತ. ಒಳಗೆ ಹಕ್ಕಿಗಳು ಗುಟುರು ಹಾಕುತ್ತಿದ್ದವು. ನಾನು ಕೇಳಿದೆ, "ಯಾಕೆ ಹಂಗೆ ತಿದ್ದುತಾ ಹೋದೆ?"

"ನಿನ್ನ ಉಳಿಸೋಕೆ ಅಂದ್ಕೋಬೇಡ. ಅಷ್ಟು ಒಳ್ಳೆಯವನಲ್ಲ ನಾನು. ಸಿಟ್ಟು ಇಟ್ಕೊಂಡು ದಿನಾ ಬೆಳಗ್ಗೆ ಬಸ್ ಓಡ್ಸೋಕೆ ಆಗಲ್ಲ ಕಣೆ, ಬ್ರೇಕ್ ಜೋರಾಗಿ ಒತ್ತಿಬಿಡ್ತೀನಿ. ಮೊದಲು ನಿನ್ನ ಬೈದು ಬರ್ದೆ. ಓದಿ ನೋಡ್ದೆ, ನಾನು ಮಾಡಿದ್ದು ಅದರಲ್ಲಿ ಇಲ್ವೇ ಇಲ್ಲ. 'ಅಪ್ಪ ಸಾಯ್ತಿದಾನೆ' ಅಂತ ಎರಡು ಪದ ಹೇಳ್ಬೋದಿತ್ತು. 'ಸರಿ ಆಮೇಲೆ' ಅಂದೆ. ಯಾಕಂದೆ? ನಾಲ್ಕು ಗಂಟೆಗೆ ನೀನು ಫೋನ್ ಮಾಡಿ, ವಿಷಯ ಕೇಳಿ, ಬಿದ್ದು ಹೊರಳಾಡ್ಲಿ ಅಂತ. ಅಷ್ಟೊತ್ತಿಗೆ ಏನೂ ಆಗಿರಲ್ಲ ಅಂದ್ಕೊಂಡಿದ್ದೆ. ನಲವತ್ತು ನಿಮಿಷ ಇತ್ತು, ಮತ್ತೆ ಮಾಡ್ಲಿಲ್ಲ. ಅಪ್ಪ ಇನ್ನೊಂದು ಸಲ ಕೇಳ್ದ, ಆಗಲೂ ಮಾಡ್ಲಿಲ್ಲ. ಹನ್ನೊಂದನೇದು ಸುಳ್ಳಲ್ಲ ಗೇಸ್ಕೆ."

"ನೀನು ನಾಲ್ಕು ಗಂಟೆಗೆ ಮಾಡ್ಲೂ ಇಲ್ಲ" ಎಂದು ಅವನೇ ಸೇರಿಸಿದ.

ಅದು ನನಗೆ ಈವರೆಗೆ ಹೊಳೆದಿರಲಿಲ್ಲ.

"ಅಮ್ಮಂಗೆ ಹೇಳ್ತೀನಿ" ಎಂದೆ.

"ನಂದನ್ನ ತೋರಿಸ್ಬೇಡ. ಒಂದಕ್ಷರ ತೋರಿಸ್ಬೇಡ. ಇವತ್ತೇ ಅಳಿಸು. ನಿಂದೇನಿದೆಯೋ ಅದನ್ನ ನಿನ್ನ ಬಾಯಲ್ಲಿ ಹೇಳ್ಕೋ, ಇಲ್ಲಾಂದ್ರೆ ಬಿಡು." ಮತ್ತೆ ಏಣಿ ಹತ್ತಿದ. ಯಾಂಟಿನಾ ಕಾಫಿಗೆ ಕರೆಯಲಿಲ್ಲ.

ಸಂಜೆ ಮನೆಗೆ ಬಂದು ಅಳಿಸಿದೆ. ಈಗ ನನ್ನ ಮಾತಿಗೆ ಯಾವ ಆಧಾರವೂ ಇಲ್ಲ, ನನ್ನ ಬಾಯಿ ಬಿಟ್ಟರೆ.

ಏಪ್ರಿಲ್ 29, ಶನಿವಾರ

ರಾಣಿಯ ಹಬ್ಬ. ವಿನ್‌ಸ್ಕೋಟೆನ್ನಿನ ಬೀದಿಗಳೆಲ್ಲ ರಾಜಮನೆತನದ ಕಿತ್ತಳೆ ಬಣ್ಣ, ಮಕ್ಕಳು ಚಾದರ ಹಾಸಿ ಹಳೆಯ ಆಟಿಕೆ ಮಾರುತ್ತಿದ್ದರು. ಅಮ್ಮ ಕಿತ್ತಳೆ ಸಕ್ಕರೆ ಹಚ್ಚಿದ ಪೇಸ್ಟ್ರಿ ತಂದಿಟ್ಟಿದ್ದಳು. ನಾನು ಕೋಟು ಬಿಚ್ಚದೆ ಹೇಳಿದೆ. ಫೋನ್ ಬಂದದ್ದು, ನಾನು ಅಂದದ್ದು, ಇಟ್ಟ ಮೇಲೆ ಅಂದದ್ದು. ಮರೆತಿದ್ದೆ ಎಂದೂ ಹೇಳಿದೆ. ಹೇಳುವಾಗಲೇ ಅದು ಎಷ್ಟು ಕೆಟ್ಟದಾಗಿ ಕೇಳಿಸುತ್ತದೆ ಎಂದು ಗೊತ್ತಾಯಿತು.

ಅಮ್ಮ ಬಹಳ ಹೊತ್ತು ಮೇಜಿನ ಮೇಲಿನ ಪುಡಿಯನ್ನು ಬೆರಳಿನಿಂದ ಒಂದು ಕಡೆ ಗುಡ್ಡೆ ಹಾಕುತ್ತಿದ್ದಳು.

"ಅಷ್ಟು ಅವಸರದ್ದು ಏನು ಮಾಡ್ತಿದ್ದೆ ಆಗ?" ಎಂದಳು.

"ನಮ್ಮ ತಾಣ ಇನ್ನೊಂದು ತಾಣಕ್ಕೆ ಒಂದು ಸಂದೇಶ ಕಳಿಸ್ತು ಅಮ್ಮ. ಮೊದಲ ಸಲ. ನನ್ನ ಹತ್ರ ಹೊಸದೊಂದು ಇದೆ, ಬಂದು ನೋಡು ಅಂತ. ಆ ಕಡೆಯಿಂದ ಸರಿ ಅಂತ ಉತ್ತರ ಬಂತು."

"ಏನಿತ್ತು ಹೊಸದು?"

"ಏನೂ ಇರ್ಲಿಲ್ಲ. ಖಾಲಿ ಪುಟ. ಪರೀಕ್ಷೆಗೆ ಕಳಿಸಿದ್ದು."

"ಆ ಕಡೆ ಯಾರಿದ್ರು?"

"ಯಾರೂ ಇರ್ಲಿಲ್ಲಮ್ಮ. ಅದೂ ಯಂತ್ರ."

ಅಮ್ಮ ಎದ್ದು ಪೇಸ್ಟ್ರಿಯ ತಟ್ಟೆಯನ್ನು ಮುಚ್ಚಿ ಒಳಗಿಟ್ಟಳು. ಫೋನ್ ತೆಗೆದು ರೈಂಡರನ ನಂಬರ್ ಒತ್ತಿದಳು. "ಬರೋ ವಾರ ಭಾನುವಾರ ಬಾ" ಎಂದಳು. "ನಿನ್ನ ಹತ್ರ ನಂಗೆ ಜಗಳ ಇದೆ, ಸುಳ್ಳು ಬರ್ದಿದ್ದಕ್ಕೆ. ಯಾಂಟಿನಾನ್ನೂ ಕರ್ಕೊಂಡು ಬಾ." ಫೋನ್ ಇಟ್ಟು, ನಾನಿನ್ನೂ ನಿಂತಿದ್ದೇನೆ ಎಂಬುದು ಆಗ ಕಂಡಂತೆ, "ಕೋಟು ಹಾಕ್ಕೊಂಡೇ ಇದೀಯಲ್ಲ" ಎಂದಳು.

ಮೇ 7, ಭಾನುವಾರ

ಅವರೆಲ್ಲ ಇವತ್ತು ಅಮ್ಮನ ಮನೆಯಲ್ಲಿದ್ದಾರೆ. ಫ್ರೌಕೆ ಚಿಕ್ಕಮ್ಮನೂ ಇರುತ್ತಾಳೆ, ನನ್ನ ಬಗ್ಗೆ ಏನು ಹೇಳುತ್ತಿದ್ದಾಳೆಂದು ಊಹಿಸುವುದು ಕಷ್ಟವಲ್ಲ. ಕಿಟಕಿ ತೊಳೆದೆ.

ಮೇ 13, ಶನಿವಾರ

ಬೆಳಿಗ್ಗೆ ಹನ್ನೊಂದಕ್ಕೆ ಕ್ಲಾಡ್ ನಿಲ್ಲಿಸಿದೆ. ಕೊನೆಯವರೆಗೂ ಉಳಿದಿದ್ದವನು ಕಾಲುವೆ ಕಾವಲುಗಾರ. ಅವನ ಕರಡುಗಳೂ ಹೊರಬಿದ್ದಿದ್ದವು, ಎಲ್ಲ ಮೀನಿನ ತೂಕಗಳು. ಯಾರೂ ಓದಲಿಲ್ಲ ಎಂದು ಅವನಿಗೆ ಬೇಸರವಿತ್ತಂತೆ.

ಮೇ 27, ಶನಿವಾರ

ಅಮ್ಮನ ಫೋನ್. ನಾಲ್ಕು ವಾರದ ಮೇಲೆ.

"ಪ್ರಿಂಟರ್ ಕೆಲಸ ಮಾಡ್ತಿಲ್ಲ. ಬರೋದಾದ್ರೆ ಬಾ. ಊಟ ಮುಗಿಸ್ಕೊಂಡು ಬಾ."

ಆರು ಗಂಟೆಗೆ ಒಬ್ಬಳೇ ಆಲೂಗಡ್ಡೆ ತಿಂದು ರೈಲು ಹಿಡಿದೆ. ಅಮ್ಮ ಬಾಗಿಲು ತೆರೆದು ಪ್ರಿಂಟರ್ ಇರುವ ಮೂಲೆ ತೋರಿಸಿದಳು, ಅದರ ದಾರಿ ನನಗೆ ಗೊತ್ತಿಲ್ಲವೇನೋ ಎಂಬಂತೆ. ಮಂಡಿಯೂರಿ ಕೂತು ಹಿಂದಿನ ಮುಚ್ಚಳ ತೆಗೆದೆ. ಒಂದು ಕಾಗದ ಮಡಿಚಿ ಸಿಕ್ಕಿಕೊಂಡಿತ್ತು. ಹರಿಯದಂತೆ ನಿಧಾನವಾಗಿ ಎಳೆಯುತ್ತಿದ್ದೆ.

ಅಮ್ಮ ನನ್ನ ಹಿಂದೆ, ಕಿಟಕಿಯ ಕುರ್ಚಿಯಲ್ಲಿ, ಹೆಣಿಗೆ ಹಿಡಿದು ಕೂತಿದ್ದಳು. ಕಡ್ಡಿಗಳ ಸದ್ದು ಕೇಳಿಸುತ್ತಿತ್ತು. ಆಮೇಲೆ ಕೇಳಿಸಲಿಲ್ಲ.

"ಅವತ್ತು ನಾನು ಸ್ನಾನಕ್ಕೆ ಅಂತ ಮನೆಗೆ ಬಂದಿದ್ದೆ" ಎಂದಳು. "ಮೂರು ದಿನ ಆಗಿತ್ತಲ್ಲ ಆಸ್ಪತ್ರೆಲಿ. ರೈಂಡರ್ ಒಂದೂವರೆಗೇ ಫೋನ್ ಮಾಡಿ ಅಮ್ಮ ಬೇಗ ಬಾ ಅಂದ. ಒಂದೂ ಐವತ್ತರ ರೈಲಿಗೆ ಹೋಗ್ಬೋದಿತ್ತು."

ನಾನು ತಿರುಗಿ ನೋಡಲಿಲ್ಲ. ನೋಡಿದರೆ ಮಾತು ನಿಲ್ಲುತ್ತದೆ ಎಂದು ಗೊತ್ತಿತ್ತು.

"ತಲೆ ಒದ್ದೆ ಇತ್ತು. ಹೊರಗೆ ಚಳಿ. ಒಣಗಿಸ್ಕೊಂಡು ಹೋಗೋಣ ಅಂತ ಒಂದು ರೈಲು ಬಿಟ್ಟೆ."

ಸ್ವಲ್ಪ ಹೊತ್ತಿನ ಮೇಲೆ ಕಡ್ಡಿಗಳ ಸದ್ದು ಮತ್ತೆ ಶುರುವಾಯಿತು. ನಾನು ಕೈಯಲ್ಲಿದ್ದ ಕಾಗದ ಬಿಟ್ಟು ಅಲ್ಲೇ ನೆಲದ ಮೇಲೆ, ಅವಳ ಕಡೆಗೆ ಬೆನ್ನು ಮಾಡಿ ಕೂತೇ ಇದ್ದೆ. ಅವಳು ಹೋಗು ಎನ್ನಲಿಲ್ಲ.